ಕಿಮೋ ನಡೆಯುವಾಗ ಮನೆಗೆ ಕೊರೋನಾ ಬಂದರೆ ಏನು ಮಾಡಬೇಕು

ಮೊದಲು ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ. ಯಾವ ಕ್ಯಾನ್ಸರ್, ಯಾವ ಔಷಧಿ, ಕೊನೆಯ ಕಿಮೋ ಯಾವತ್ತು? ಅಪಾಯ ಎಷ್ಟು ಅಂತ ಹೇಳುವುದರಲ್ಲಿ ಈ ಮೂರಕ್ಕೆ ದೊಡ್ಡ ಪಾಲಿದೆ. "ಕ್ಯಾನ್ಸರ್ ಇದ್ದವರಿಗೆ ಕೊರೋನಾ ಜೋರು" ಅಂತ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದು ವರ್ಷಗಳೇ ಆಗಿವೆ. ಅವರ ಅಪಾಯ ಹೆಚ್ಚುಕಡಿಮೆ ಅವರ ವಯಸ್ಸಿನ ಬೇರೆಯವರಷ್ಟೇ. ಅಮ್ಮನದು ಲಿಂಫೋಮಾ. ಲಿಂಫೋಮಾ, ಲ್ಯುಕೇಮಿಯಾ, ಮೈಲೋಮಾದಂಥ ರಕ್ತದ ಕ್ಯಾನ್ಸರ್‌ಗಳು, ಶ್ವಾಸಕೋಶದ ಕ್ಯಾನ್ಸರ್ ಇರುವವರಲ್ಲಿ ಕಾಯಿಲೆ ಗಂಭೀರವಾಗುವುದು ಜಾಸ್ತಿ.

ಅಮ್ಮನಿಗೆ ಕಿಮೋ ಜೊತೆ ರಿಟುಕ್ಸಿಮ್ಯಾಬ್ ಕೊಡುತ್ತಿದ್ದರು. ಅದು ಕೆಟ್ಟ ಬಿ ಕಣಗಳ (ಒಂದು ಬಗೆಯ ಬಿಳಿ ರಕ್ತಕಣ) ಜೊತೆ ಒಳ್ಳೆಯವನ್ನೂ ಅಳಿಸಿಬಿಡುತ್ತದೆ. ರೋಗಾಣುವನ್ನು ತಡೆಯುವ ಆಂಟಿಬಾಡಿ ಹುಟ್ಟುವುದೇ ಆ ಕಣಗಳಿಂದ. ಹಾಗಾಗಿ ಕೊನೆಯ ಡೋಸ್ ಆದ ಮೇಲೂ ಆರು ತಿಂಗಳು, ಕೆಲವರಿಗೆ ಅದಕ್ಕಿಂತ ಹೆಚ್ಚು ಕಾಲ, ಲಸಿಕೆ ಹಾಕಿಸಿದರೂ ಪೂರ್ತಿ ಫಲ ಸಿಗುವುದಿಲ್ಲ. ಚಿಕಿತ್ಸೆ ಇನ್ನೂ ಶುರುವಾಗಿಲ್ಲ ಅಂದರೆ ಲಸಿಕೆಯ ಮಾತನ್ನು ಈಗಲೇ ಎತ್ತಿ. ಶುರುವಾಗಿದ್ದರೆ ಮನೆಯ ಉಳಿದವರೆಲ್ಲ ಹಾಕಿಸಿಕೊಳ್ಳಿ.

ಗೋಡೆಯ ಕ್ಯಾಲೆಂಡರ್ ಮೇಲೆ ಪ್ರತಿ ಕಿಮೋದ ನಂತರದ 7ರಿಂದ 14ನೇ ದಿನದವರೆಗೆ ಕೆಂಪು ಗೆರೆ ಎಳೆಯಿರಿ. ಸಾಮಾನ್ಯವಾಗಿ ಬಿಳಿ ರಕ್ತಕಣ ತೀರಾ ಇಳಿಯುವುದು ಆ ವಾರದಲ್ಲಿ. ಆಗ ಮದುವೆ, ಗೃಹಪ್ರವೇಶ ಯಾವುದೂ ಬೇಡ. ಆದರೆ ನಮ್ಮ ತಿಪಟೂರಿನಲ್ಲಿ ಹುಷಾರಿಲ್ಲ ಅಂದರೆ ಸಾಕು, ಎಳನೀರು ಹಿಡಿದು ನೋಡಲು ಬಂದೇ ಬರುತ್ತಾರೆ. ಬೇಡ ಅನ್ನಲು ಬಾಯಿ ಬರುವುದಿಲ್ಲ, ಅಲ್ವಾ? ನಾನು ಜಗಲಿಯಲ್ಲಿ ಕುರ್ಚಿ ಹಾಕಿಟ್ಟು, ಅಲ್ಲೇ ಮಾತಾಡಿಸಿ ಕಳಿಸುತ್ತಿದ್ದೆ. ಎಳನೀರು ಮಾತ್ರ ಒಳಗೆ.

ಜ್ವರ 100.4 ಮುಟ್ಟಿದರೆ ಡೋಲೋ ಕೊಟ್ಟು ಕಾಯಬೇಡಿ. ಮೊದಲು ಆಸ್ಪತ್ರೆಗೆ ಫೋನ್, ರಾತ್ರಿ ಎರಡು ಗಂಟೆಯಾದರೂ ಸರಿ. ಅದು ಕೊರೋನಾನೋ, ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ್ದೋ ಮನೆಯಲ್ಲಿ ಕೂತು ಹೇಳಲಾಗದು. ಎರಡನೆಯದಾದರೆ ಗಂಟೆಗಳ ಲೆಕ್ಕ. ಕಿಮೋ ಜೊತೆ ಸ್ಟೀರಾಯ್ಡ್ ಇದ್ದರೆ ಜ್ವರವೇ ಕಾಣಿಸದಿರಬಹುದು. ಅಮ್ಮ ಕಾಫಿ ಬೇಡ ಅಂದರೆ ನಾನು ಥರ್ಮಾಮೀಟರನ್ನು ನಂಬುತ್ತಿರಲಿಲ್ಲ, ಫೋನ್ ಮಾಡುತ್ತಿದ್ದೆ.

ಆಕ್ಸಿಮೀಟರ್ ಹಾಕುವ ಬೆರಳಲ್ಲಿ ಉಗುರುಬಣ್ಣ, ಮೆಹಂದಿ ಇರಬಾರದು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. 94ಕ್ಕಿಂತ ಕೆಳಗೆ ಇಳಿದರೆ ಹೊರಡಿ. ಉಸಿರು ಕಟ್ಟುತ್ತಿದೆ ಅಂದರೆ ಅಂಕಿ ಎಷ್ಟಿದ್ದರೂ ಹೊರಡಿ.

ಆಂಟಿಜೆನ್ ಪರೀಕ್ಷೆ ನೆಗೆಟಿವ್ ಬಂತು ಅಂತ ಸುಮ್ನೆ ಕೂರಬೇಡಿ, ಆರ್‌ಟಿಪಿಸಿಆರ್ ಕೇಳಿ. ಅವಸರ ಯಾಕೆಂದರೆ ವೈರಸ್ ತಡೆಯುವ ಔಷಧಿಗಳು ಬೇಗ ಕೊಟ್ಟರೇ ಉಪಯೋಗ. ನಿರ್ಮಾಟ್ರೆಲ್ವಿರ್-ರಿಟೋನಾವಿರ್ ಮಾತ್ರೆ ಲಕ್ಷಣ ಶುರುವಾದ 5 ದಿನದೊಳಗೆ, ರೆಮ್‌ಡೆಸಿವಿರ್ ಡ್ರಿಪ್ 7 ದಿನದೊಳಗೆ. ರಿಟೋನಾವಿರ್ ಬಹಳ ಮಾತ್ರೆಗಳ ಜೊತೆ ಜಗಳವಾಡುತ್ತದೆ. ಕೊಲೆಸ್ಟ್ರಾಲ್ ಮಾತ್ರೆಯಿಂದ ಹಿಡಿದು ಕೆಲವು ಕ್ಯಾನ್ಸರ್ ಮಾತ್ರೆಗಳವರೆಗೆ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳ ಫೋಟೋ ತೆಗೆದು ಕ್ಯಾನ್ಸರ್ ಡಾಕ್ಟರಿಗೆ ಕಳಿಸಿ.

ಅಮೃತಬಳ್ಳಿ ಕಷಾಯದ ಫೋಟೋವನ್ನೂ ಕಳಿಸಿ. ಅದರಿಂದ ಲಿವರ್ ಕೆಟ್ಟ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ. ಹಳೇ ಚೀಟಿಯ ಸ್ಟೀರಾಯ್ಡ್ ಮಾತ್ರೆಯನ್ನು ನೀವೇ ಶುರು ಮಾಡಬೇಡಿ. 2020ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್‌ನಿಂದ ಜೀವ ಉಳಿದದ್ದು ಆಕ್ಸಿಜನ್ ಬೇಕಾದವರಲ್ಲಿ. ಬೇಡದವರಿಗೆ ಲಾಭವಾಗಲಿಲ್ಲ.

ಮುಂದಿನ ಕಿಮೋ? ನೀವಾಗಿ ರದ್ದು ಮಾಡಬೇಡಿ, ಹೇಳದೆ ಹೋಗಿ ವಾರ್ಡಿನಲ್ಲಿ ಕೂರಲೂ ಬೇಡಿ. ರಿಟುಕ್ಸಿಮ್ಯಾಬ್ ತೆಗೆದುಕೊಂಡವರಿಗೆ ವಾರಗಟ್ಟಲೆ ಪಾಸಿಟಿವ್ ಬರಬಹುದು. ಕ್ಯಾನ್ಸರ್ ಯಾವ ಹಂತದಲ್ಲಿದೆ ಅಂತ ನೋಡಿ ದಿನಾಂಕ ಹೇಳುವವರು ಡಾಕ್ಟರೇ. ಹಿಂದಿನ ದಿನವೇ ಫೋನ್ ಮಾಡಿ ಯಾವ ಬಾಗಿಲಿಂದ ಬರಬೇಕು ಅಂತ ಕೇಳಿಕೊಂಡು ಹೋಗಿ.