ಅರ್ಧಕ್ಕೆ ನಿಂತ ಪ್ರಶ್ನೆ ಹಿಡಿದು ಪಾಡ್‌ಕಾಸ್ಟ್‌ಗೆ ಹೋದೆ

ನಾನು ಫಿಸಿಯೋಥೆರಪಿಸ್ಟ್. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕುತ್ತಿಗೆ, ಮಣಿಕಟ್ಟು ನೋಯಿಸಿಕೊಂಡವರೇ ನನ್ನ ಹತ್ತಿರ ಜಾಸ್ತಿ ಬರುವುದು. ಅವರಿಗೆ ಹೇಳುವ ಮಾತು, ನೋವು ಶುರುವಾಗುವ ಮೊದಲೇ ಇನ್ನಷ್ಟು ಜನಕ್ಕೆ ತಲುಪಲಿ ಅನ್ನಿಸಿತು. ನನ್ನನ್ನು ಅತಿಥಿಯಾಗಿ ಕರೆಯಿರಿ ಅಂತ ಪಾಡ್‌ಕಾಸ್ಟ್‌ಗಳಿಗೆ ಬರೆಯಲು ಶುರು ಮಾಡಿದ್ದು ಅದಕ್ಕೇ.

ಮೊದಲು ಒಂದೇ ಮೇಲ್ ಬರೆದು, ಹೆಸರು ಮಾತ್ರ ಬದಲಿಸಿ 24 ಕಡೆ ಕಳಿಸಿದೆ. ನನ್ನ ಓದು, ನನ್ನ ಅನುಭವ, ಕೊನೆಗೆ ‘ನಿಮ್ಮ ಕಾರ್ಯಕ್ರಮ ತುಂಬಾ ಇಷ್ಟ’ ಅನ್ನುವ ಸಾಲು. ಉತ್ತರ ಬಂದದ್ದು ಒಂದೇ ಒಂದು. ‘ನಾವು ಅತಿಥಿಗಳನ್ನು ಕರೆಯುವುದೇ ಇಲ್ಲ’ ಅಂತ. ಒಂದು ಎಪಿಸೋಡ್ ಕೇಳಿದ್ದರೂ ಅದು ನನಗೆ ಗೊತ್ತಾಗುತ್ತಿತ್ತು. ನಿಜಕ್ಕೂ ಬೇಸರವಾಯಿತು. ಇಷ್ಟ ಅಂತ ಬರೆದಿದ್ದೆ, ಕೇಳಿಯೇ ಇರಲಿಲ್ಲ.

ಮೇಲ್ ಕಳಿಸುವುದು ನಿಲ್ಲಿಸಿ ಎರಡು ತಿಂಗಳು ಸುಮ್ನೆ ಕೇಳಿದೆ. ನನ್ನದೇ ಕ್ಷೇತ್ರದ ಕೆಲವರ ಹೆಸರನ್ನು ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ಹುಡುಕಿದರೆ ಅವರು ಎಲ್ಲೆಲ್ಲಿ ಮಾತಾಡಿದ್ದಾರೆ ಅಂತ ಸಿಗುತ್ತದೆ. ಅದರಿಂದ ಆರು ಕಾರ್ಯಕ್ರಮ ಆರಿಸಿಕೊಂಡೆ. ಕೊನೆಯ ಎಪಿಸೋಡ್ ಯಾವಾಗ ಬಂತು ಅಂತ ಮೊದಲು ನೋಡಬೇಕು. ಎಷ್ಟೋ ಪಾಡ್‌ಕಾಸ್ಟ್‌ಗಳು ಕೆಲವೇ ಎಪಿಸೋಡ್ ಆದಮೇಲೆ ನಿಂತುಹೋಗಿರುತ್ತವೆ.

ಕೇಳುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರುತ್ತಿತ್ತು. ಸಾಫ್ಟ್‌ವೇರ್ ಬರೆಯುವವರಿಗಾಗಿ ಇರುವ ಒಂದು ಪಾಡ್‌ಕಾಸ್ಟ್‌ನಲ್ಲಿ ಹೋಸ್ಟ್ ಮಾತಿನ ಮಧ್ಯೆ ಹೇಳಿದರು: ‘ರಾತ್ರಿ ಬೆರಳು ಜೋಮು ಹಿಡಿದು ಎಚ್ಚರ ಆಗುತ್ತೆ, ಕೈ ಕೊಡವಿದರೆ ಸರಿ ಹೋಗುತ್ತೆ.’ ಅತಿಥಿ ‘ಒಳ್ಳೆ ಕುರ್ಚಿ ತಗೊಳ್ಳಿ’ ಅಂದು ಮುಂದೆ ಹೋದರು. ನಾನು ಅಲ್ಲೇ ನಿಲ್ಲಿಸಿ ನಿಮಿಷ ಬರೆದುಕೊಂಡೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಾಗ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿಯುತ್ತವೆ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡರೆ ಒತ್ತಡ ಹೆಚ್ಚುತ್ತದೆ. ಅದಕ್ಕೇ ರಾತ್ರಿ ಕಾಟ ಜಾಸ್ತಿ. ಕುರ್ಚಿ ಬದಲಿಸಿದರೆ ಇದಕ್ಕೆ ಉತ್ತರ ಸಿಗಲ್ಲ, ಅಲ್ವಾ?

ಆ ಮೇಲ್ ಬರೆಯಲು ಒಂದು ಸಂಜೆ ಪೂರ್ತಿ ಹಿಡಿಯಿತು. ವಿಷಯದ ಸಾಲಿನಲ್ಲಿ ‘ರಾತ್ರಿ ಬೆರಳು ಜೋಮು ಹಿಡಿಯುವುದು, ನಿಮ್ಮ ಎಪಿಸೋಡ್‌ನ 31ನೇ ನಿಮಿಷ’ ಅಂತ ಹಾಕಿದೆ. ಒಳಗೆ: ‘ನೀವು ಹೇಳಿದ ಈ ತೊಂದರೆ ನಿಮ್ಮ ಕೇಳುಗರಲ್ಲಿ ಎಷ್ಟೋ ಜನಕ್ಕೆ ಇರಬಹುದು. ನೋಡದೆ ನಿಮಗೆ ಇದೇ ಕಾಯಿಲೆ ಅಂತ ನಾನು ಹೇಳಲಾರೆ. ಆದರೆ ಯಾವ ಬೆರಳು, ಯಾವ ಹೊತ್ತು ಅನ್ನುವುದರಿಂದ ಏನು ಗೊತ್ತಾಗುತ್ತದೆ, ಯಾವಾಗ ಡಾಕ್ಟರ್ ಹತ್ತಿರ ಹೋಗಲೇಬೇಕು, ಮಲಗುವಾಗ ಮಣಿಕಟ್ಟು ನೇರ ಇಡುವ ಪಟ್ಟಿ ಯಾಕೆ ಹಾಕುತ್ತಾರೆ, ಈ ಮೂರು ಪ್ರಶ್ನೆಗೆ ಉತ್ತರ ಹೇಳಬಲ್ಲೆ.’ ನನ್ನ ಬಗ್ಗೆ ಎರಡೇ ಸಾಲು. ಜೊತೆಗೆ ನಾನು ಮಾತಾಡಿದ ಎರಡು ನಿಮಿಷದ ಆಡಿಯೋ. ಈ ಆಡಿಯೋ ತುಂಬಾ ಮುಖ್ಯ ಅಂತ ನನ್ನ ನಂಬಿಕೆ. ವಿಷಯ ಗೊತ್ತಿದ್ದೂ ಮಾತಾಡಲು ಬಾರದವರು ಬಂದು ಕೂತರೆ ಏನು ಗತಿ ಅನ್ನುವ ಭಯ ಹೋಸ್ಟ್‌ಗೆ ಇದ್ದೇ ಇರುತ್ತದೆ.

ವಿಳಾಸದ ವಿಷಯ. ವೆಬ್‌ಸೈಟ್‌ನಲ್ಲಿ ಅತಿಥಿಗಳಿಗೆ ಅಂತಲೇ ಫಾರ್ಮ್ ಇದ್ದರೆ ಅದನ್ನೇ ತುಂಬಿ. ಇಲ್ಲದಿದ್ದರೆ ಆ ಪಾಡ್‌ಕಾಸ್ಟ್‌ನ ಆರ್‌ಎಸ್‌ಎಸ್ ಫೀಡ್, ಅಂದರೆ ಎಪಿಸೋಡ್‌ಗಳ ವಿವರವನ್ನು ಆ್ಯಪ್‌ಗಳಿಗೆ ತಲುಪಿಸುವ ಫೈಲ್, ತೆರೆದು ನೋಡಿ. ಕೆಲವು ಫೀಡ್‌ಗಳಲ್ಲಿ ಮಾಲೀಕರ ಮೇಲ್ ವಿಳಾಸ ಇರುತ್ತದೆ.

ಹತ್ತು ದಿನ ಉತ್ತರ ಬರಲಿಲ್ಲ. ಒಂದೇ ಒಂದು ಸಲ ಮತ್ತೆ ಬರೆದೆ, ನಾಲ್ಕು ಸಾಲು, ಇನ್ನೊಂದು ಹೊಸ ಪ್ರಶ್ನೆ ಸೇರಿಸಿ. ಮರುದಿನ ಉತ್ತರ ಬಂತು: ‘ಜೋಮು ಇನ್ನೂ ಇದೆ. ಯಾವಾಗ ಮಾತಾಡೋಣ?’ ಆ ಸಾಲನ್ನು ಎಷ್ಟು ಸಲ ಓದಿದೆನೋ.

ನಡುವೆ ಇನ್ನೊಂದು ಕಾರ್ಯಕ್ರಮದವರು ಕರೆದರು, ಆದರೆ ಅತಿಥಿಯೇ ಹಣ ಕೊಡಬೇಕಂತೆ. ಬೇಡ ಅಂದೆ. ಆರೋಗ್ಯದ ಮಾತು ಹೇಳುವವರು ದುಡ್ಡು ಕೊಟ್ಟು ಕೂತಿದ್ದಾರೆ ಅನ್ನುವುದು ಕೇಳುಗರಿಗೆ ಗೊತ್ತಿರಬೇಕು. ಅದನ್ನು ಹೇಳುತ್ತೀರಾ ಅಂತ ಕೇಳಿದಾಗ ಅವರು ಒಪ್ಪಲಿಲ್ಲ.

ರೆಕಾರ್ಡಿಂಗ್ ಬಗ್ಗೆ ಹೇಳುವುದು ಕಡಿಮೆ. ಪರದೆ, ಬಟ್ಟೆ ಇರುವ ಕೋಣೆಯಲ್ಲಿ ಮಾತು ಮಾರ್ದನಿಸುವುದು ಕಡಿಮೆ. ಇಯರ್‌ಫೋನ್ ಹಾಕಿಕೊಂಡರೆ ಹೋಸ್ಟ್ ಧ್ವನಿ ನಮ್ಮ ಮೈಕ್‌ಗೆ ಹೋಗುವುದಿಲ್ಲ. ರಿವರ್‌ಸೈಡ್‌ನಂಥ ಸಾಫ್ಟ್‌ವೇರ್‌ಗಳು ನಿಮ್ಮ ಧ್ವನಿಯನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಉಳಿಸಿಕೊಂಡು ಕಳಿಸುತ್ತವೆ. ಮಾತು ಮುಗಿಯಿತು ಅಂತ ತಕ್ಷಣ ಬ್ರೌಸರ್ ಮುಚ್ಚಬೇಡಿ. ಅಪ್‌ಲೋಡ್ ಮುಗಿಯುವ ತನಕ ಕಾಯಿರಿ.

ಎಪಿಸೋಡ್ ಬಂದ ಮೇಲೆ ಹೋಸ್ಟ್‌ಗೆ ಧನ್ಯವಾದ ಹೇಳಿ, ‘ಈ ವಿಷಯ ಬೇಕಾಗುವ ಇನ್ಯಾರಾದರೂ ಗೊತ್ತಾ?’ ಅಂತ ಕೇಳಿದೆ. ಮುಂದಿನ ಎರಡು ಆಹ್ವಾನ ಬಂದದ್ದು ಅದೇ ಒಂದು ಪ್ರಶ್ನೆಯಿಂದ.

ಈಗ ಗಿಡ ಬೆಳೆಸುವವರ ಪಾಡ್‌ಕಾಸ್ಟ್ ಒಂದನ್ನು ಕೇಳುತ್ತಿದ್ದೇನೆ. ಮೂರನೇ ಎಪಿಸೋಡ್‌ನಲ್ಲಿ ಹೋಸ್ಟ್, ಕತ್ತರಿ ಹಿಡಿದು ಹಿಡಿದು ಹೆಬ್ಬೆರಳ ಬುಡ ನೋಯುತ್ತೆ ಅಂದರು. ಅತಿಥಿ ಯಾವ ಕತ್ತರಿ ಒಳ್ಳೆಯದು ಅಂತ ಹೇಳಿದರು. ಹೆಬ್ಬೆರಳಿನ ಮಾತು ಅಲ್ಲೇ ಉಳಿಯಿತು. ನಿಮಿಷ ಬರೆದಿಟ್ಟುಕೊಂಡಿದ್ದೇನೆ.