ತರಗು ಬೆಂಕಿ, ಫೆಲೋಶಿಪ್, ಒಂದು ದಪ್ಪ ಫೈಲು

ನಮ್ಮ ಜನದ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಎರಡು ಸಲ ಇದೆ: 'ಶೋಲಗ' ಅಂತ ಒಂದು, 'ಸೋಲಿಗರು' ಅಂತ ಇನ್ನೊಂದು. ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿ, ಅಂದರೆ ನಮ್ಮ ಜನರ ಹಾಡಿಯಲ್ಲಿ, ಹುಟ್ಟಿ ಬೆಳೆದ ನನಗೆ ಅದು ಯಾವತ್ತೂ ತಲೆಗೆ ಬಂದಿರಲಿಲ್ಲ. ಪಿಎಚ್‌ಡಿ ಫೆಲೋಶಿಪ್‌ಗೆ, ಅಂದರೆ ಸಂಶೋಧನೆ ಮಾಡುವವರಿಗೆ ತಿಂಗಳ ಲೆಕ್ಕದಲ್ಲಿ ಸಿಗುವ ಹಣಕ್ಕೆ, ಅರ್ಜಿ ತುಂಬುವಾಗ ಜಾತಿ ಪ್ರಮಾಣಪತ್ರದ ಇಂಗ್ಲಿಷ್ ಕಾಗುಣಿತ ಒಂದು ಥರ, ಪಟ್ಟಿಯಲ್ಲಿರುವುದು ಇನ್ನೊಂದು ಥರ. ಹೊಸ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಮೂರು ಸಲ ಬೆಟ್ಟ ಇಳಿದು ಹತ್ತಿದೆ. ಕೊನೆಯ ದಿನಾಂಕಕ್ಕೆ ಆಗ ನಾಲ್ಕೇ ದಿನ.

ನಾನು ಹಾಕಿದ್ದು ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ರಾಷ್ಟ್ರೀಯ ಫೆಲೋಶಿಪ್‌ಗೆ. ಎಲ್ಲರೂ ಅದನ್ನು ಎನ್‌ಎಫ್‌ಎಸ್‌ಟಿ ಅಂತಲೇ ಕರೆಯೋದು. ಇಡೀ ದೇಶಕ್ಕೆ ವರ್ಷಕ್ಕೆ 750 ಜನರಿಗೆ ಸಿಗುತ್ತದೆ. ಇದಕ್ಕೆ ಯುಜಿಸಿಯ ಅರ್ಹತಾ ಪರೀಕ್ಷೆ ನೆಟ್ ಆಗಿರಲೇಬೇಕು ಅಂತಿಲ್ಲ, ಸ್ನಾತಕೋತ್ತರ ಪದವಿಯ ಅಂಕದ ಮೇಲೆ ಆಯ್ಕೆ. ನೆಟ್ ಆಗಲಿಲ್ಲ ಅಂತ ಓದು ಬಿಟ್ಟು ಹೋದ ನಮ್ಮ ಕಡೆಯ ಹುಡುಗರಿಗೆ ಇದನ್ನು ಯಾರೂ ಹೇಳಿಯೇ ಇರಲಿಲ್ಲ. ನನಗೂ ಗೊತ್ತಾಗಿದ್ದು ಹಾಸ್ಟೆಲ್‌ನಲ್ಲಿದ್ದ ಜೇನುಕುರುಬರ ಹುಡುಗಿಯೊಬ್ಬಳಿಂದ.

ಆದರೆ ಮೊದಲು ಪಿಎಚ್‌ಡಿಗೆ ಪೂರ್ಣಾವಧಿ ನೋಂದಣಿ ಆಗಿರಬೇಕು, ಅರ್ಜಿ ಆಮೇಲೆ. ಪೂರ್ಣಾವಧಿ ಅಂದಮೇಲೆ ಅತಿಥಿ ಉಪನ್ಯಾಸಕಿಯ ಕೆಲಸ ಬಿಡಬೇಕಾಯಿತು. ನೋಂದಣಿಯಿಂದ ಮೊದಲ ಹಣ ಕೈಗೆ ಬರುವವರೆಗೆ ಹದಿನಾಲ್ಕು ತಿಂಗಳು. ಆ ಹೊತ್ತಿನಲ್ಲಿ ನನ್ನನ್ನು ಸಾಕಿದ್ದು ಅವ್ವ ಮಹಿಳಾ ಸಂಘದಲ್ಲಿ ಎತ್ತಿದ ಸಾಲ. ಬಾಕಿಯೆಲ್ಲ ಒಟ್ಟಿಗೆ ಜಮಾ ಆದ ದಿನ ಅವ್ವ ಮೊದಲು ಕೇಳಿದ್ದು, 'ಇದ ವಾಪಸ್ ಕಟ್ಟದಾ?' ಅಂತ. ಆಗ ಮೊದಲ ಎರಡು ವರ್ಷ ತಿಂಗಳಿಗೆ 31,000 ರೂಪಾಯಿ ಇತ್ತು. ಎರಡು ವರ್ಷದ ನಂತರ ಸಮಿತಿಯೊಂದು ಕೆಲಸ ನೋಡಿ ಒಪ್ಪಿದ ಮೇಲೆ 35,000 ಆಯಿತು. ಹಾಸ್ಟೆಲ್‌ನಲ್ಲಿದ್ದರೆ ಮನೆ ಬಾಡಿಗೆ ಭತ್ಯೆ ಇಲ್ಲ.

ಸಿಕ್ಕಿದ್ದಕ್ಕಿಂತ ಉಳಿಸಿಕೊಂಡದ್ದೇ ದೊಡ್ಡ ಪಾಡು. ಈ ವಿದ್ಯಾರ್ಥಿನಿ ಇನ್ನೂ ಸಂಶೋಧನೆ ಮಾಡುತ್ತಿದ್ದಾಳೆ ಅಂತ ವಿಶ್ವವಿದ್ಯಾಲಯ ಆಗಾಗ ದೃಢೀಕರಿಸುತ್ತಲೇ ಇರಬೇಕು. ನನ್ನ ವಿಷಯ ತರಗು ಬೆಂಕಿ. ಬೇಸಿಗೆಯ ಆರಂಭದಲ್ಲಿ ನಮ್ಮ ಹಿರಿಯರು ಒಣ ಎಲೆಗೆ ಇಡುತ್ತಿದ್ದ ಸಣ್ಣ ಬೆಂಕಿ ಅದು. ಅದು ನಿಂತ ಮೇಲೆ ಲಂಟಾನ ಕಾಡು ತುಂಬಿತು, ನೆಲ್ಲಿಮರಕ್ಕೆ ಉಪ್ಪಿಲು ಅನ್ನುವ ಬಂದಳಿಕೆ ಹತ್ತಿತು ಅನ್ನುತ್ತಾರೆ ತಾತಂದಿರು. ಇದನ್ನು ಕೇಳಬೇಕಾದರೆ ಪೋಡಿನಲ್ಲೇ ಇರಬೇಕು, ವಿಭಾಗದ ಕುರ್ಚಿಯಲ್ಲಲ್ಲ. ನಾಲ್ಕು ತಿಂಗಳು ಊರಲ್ಲಿದ್ದು ಬಂದರೆ, ಹಾಜರಿ ಪುಸ್ತಕದಲ್ಲಿ ಸಹಿ ಇಲ್ಲ ಅಂತ ನನ್ನ ಕಾಗದ ಕೆಳಗಿನ ಟೇಬಲ್ಲಿನಲ್ಲೇ ಕೂತಿತ್ತು. ಹಣ ನಿಂತುಹೋಯಿತು. ಆಮೇಲೆ ಕಲಿತೆ: ಊರಿಗೆ ಹೊರಡುವ ಮೊದಲೇ 'ಇಂಥ ದಿನದಿಂದ ಇಂಥ ದಿನದವರೆಗೆ ಕ್ಷೇತ್ರಕಾರ್ಯ' ಅಂತ ಮಾರ್ಗದರ್ಶಕರಿಂದ ಬರೆಸಿ, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ, ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಒತ್ತಿಸಿಕೊಳ್ಳಬೇಕು. ಆ ಮುದ್ರೆ ಇದ್ದ ಮೇಲೆ ಯಾರೂ ಮಾತಾಡಲಿಲ್ಲ.

ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯೂ ಬೇಕು. 2011ರಲ್ಲಿ ನಮ್ಮ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿದ್ದು ನಿಜ. ಅವ್ವ ಅದೇ ಕಾಡಿಗೆ ಹೋಗಿ ನೆಲ್ಲಿಕಾಯಿ ತರಬಹುದು, ಮಗಳು ನೋಟ್‌ಬುಕ್ ಹಿಡಿದು ಹೋದರೆ ಅರ್ಜಿ. ನಗಬೇಕೋ ಅಳಬೇಕೋ! ಹೇಗೂ ಅರ್ಜಿಯನ್ನು ಕ್ಷೇತ್ರಕಾರ್ಯಕ್ಕೆ ಆರು ತಿಂಗಳು ಮೊದಲೇ ಹಾಕಿದ್ದರಿಂದ ಬಚಾವಾದೆ.

ಇನ್ನು ಕಂಟಿಂಜೆನ್ಸಿ, ಅಂದರೆ ಸಂಶೋಧನೆಯ ಸಣ್ಣಪುಟ್ಟ ಖರ್ಚಿಗೆ ಬೇರೆಯಾಗಿ ಕೊಡುವ ಹಣ. ನಮ್ಮಂಥ ಸಮಾಜವಿಜ್ಞಾನದವರಿಗೆ ಮೊದಲ ಎರಡು ವರ್ಷ ತಲಾ 10,000, ಆಮೇಲೆ ವರ್ಷಕ್ಕೆ 20,500. ಪುಸ್ತಕ, ಝೆರಾಕ್ಸ್‌ಗೆ ಬಿಲ್ಲು ಸಿಗುತ್ತದೆ. ಹತ್ತು ದಿನ ಕೂಲಿ ಬಿಟ್ಟು ನನ್ನ ಜೊತೆ ಕಾಡು ಸುತ್ತಿದ ತಾತ ಜಿಎಸ್‌ಟಿ ಬಿಲ್ಲು ಎಲ್ಲಿಂದ ತಂದಾನು? ಲೆಕ್ಕಪತ್ರದ ಹಿರಿಯರೊಬ್ಬರು ದಾರಿ ತೋರಿಸಿದರು: ವೋಚರ್ ಬರೆದು, ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ, ಅದರ ಮೇಲೆ ತಾತನ ಹೆಬ್ಬೆಟ್ಟು, ಕೆಳಗೆ ಮಾರ್ಗದರ್ಶಕರ ಸಹಿ. ಹೆಬ್ಬೆಟ್ಟು ಒತ್ತಿದ ತಾತ, 'ಇನ್ನೇನ್ ಬರಕೊಡ್ಬೇಕು ಮಗ, ನನ್ ಕಾಡ್ನೂನಾ?' ಅಂದ. ಆ ವೋಚರಿನ ಝೆರಾಕ್ಸ್ ಇವತ್ತಿಗೂ ನನ್ನ ಫೈಲಿನಲ್ಲಿದೆ.

ಫೈಲು ಈಗ ನಾಲ್ಕು ಬೆರಳು ದಪ್ಪ. ಕಳಿಸಿದ ಪ್ರತಿ ಕಾಗದದ ಸ್ಕ್ಯಾನ್ ಮೊಬೈಲಿನಲ್ಲೂ ಇದೆ, ಬೆಟ್ಟದಲ್ಲಿ ಸಿಗ್ನಲ್ ಸಿಗುವ ಬಂಡೆ ಯಾವುದು ಅಂತಲೂ ಗೊತ್ತಿದೆ. ಈ ವರ್ಷ ಪೋಡಿನ ಇನ್ನಿಬ್ಬರು ಹುಡುಗಿಯರ ಕಾಗದಗಳನ್ನು ಜೋಡಿಸುತ್ತಿದ್ದೇನೆ. ಒಬ್ಬಳ ಜಾತಿ ಪ್ರಮಾಣಪತ್ರದಲ್ಲಿ ಮತ್ತೆ ಅದೇ ಕಾಗುಣಿತ. ನಾಳೆ ಬೆಳಗಿನ ಬಸ್ಸಿಗೆ ಬೆಟ್ಟ ಇಳಿಯುತ್ತಿದ್ದೇವೆ.