ತೋಟದ ಬೆಲೆಯ ಕಾಗದ ಕೋರ್ಟಿನಲ್ಲಿ ಸಾಕ್ಷ್ಯವಾಗಬೇಕಾದರೆ

ಕಾಸರಗೋಡಿನ ಕಡೆ ಪಾಲು ದಾವೆ ಹೂಡಿದಾಗ ಅಡಿಕೆ ತೋಟವನ್ನು ತುಂಡು ಮಾಡಲಾಗದೆ, ಒಬ್ಬರು ತೋಟ ಇಟ್ಟುಕೊಂಡು ಉಳಿದವರಿಗೆ ಹಣ ಕೊಡುವ ಮಾತು ಬಂದರೆ ತಕರಾರೆಲ್ಲ ಬೆಲೆಯ ಮೇಲೆ ನಿಲ್ಲುತ್ತದೆ. ಮೌಲ್ಯಮಾಪನದ ವರದಿಯನ್ನು ಕಡತಕ್ಕೆ ಸೇರಿಸಿದ ಮಾತ್ರಕ್ಕೆ ಅದರಲ್ಲಿನ ಮೊತ್ತ ರುಜುವಾತಾಗುವುದಿಲ್ಲ. ಆ ಮೊತ್ತಕ್ಕೆ ಜವಾಬು ಹೇಳುವವರು ಬೇಕು.

ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಅಕ್ಕಪಕ್ಕದ ಜಾಗಗಳ ಇತ್ತೀಚಿನ ಕ್ರಯಪತ್ರಗಳ ದೃಢೀಕೃತ ಪ್ರತಿಗಳನ್ನು ಪಡೆಯಿರಿ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಇಂಥ ಪ್ರತಿ ಮೂಲಪತ್ರದ ಒಕ್ಕಣೆಗೆ ಸಾಕ್ಷ್ಯವಾಗುತ್ತದೆ. ಆದರೆ ಆ ಜಾಗಕ್ಕೂ ನಿಮ್ಮದಕ್ಕೂ ಹೋಲಿಕೆ ಇದೆಯೆಂದು ತೋರಿಸುವ ಹೊಣೆ ನಿಮ್ಮದೇ. ರಸ್ತೆ ಬದಿಯ ಹತ್ತು ಸೆಂಟ್ಸಿನ ದರದಲ್ಲಿ ಗುಡ್ಡದ ಬುಡದ ಮೂರು ಎಕರೆಯನ್ನು ಅಳೆಯಲಾಗದು.

ಕೇರಳ ಸರ್ಕಾರ 2010ರಲ್ಲಿ ಜಾರಿಗೆ ತಂದ ಫೇರ್ ವ್ಯಾಲ್ಯೂ (ಜಮೀನಿನ ಸರ್ಕಾರಿ ದರ) ಪಟ್ಟಿಯೊಂದನ್ನೇ ನಂಬಬೇಡಿ. ಅದು ಮುದ್ರಾಂಕ ಶುಲ್ಕಕ್ಕಾಗಿ ಮಾಡಿದ ಲೆಕ್ಕ. ಅಂಥ ಮೂಲಬೆಲೆಯ ರಿಜಿಸ್ಟರಿನಿಂದ ಮಾರುಕಟ್ಟೆ ಬೆಲೆ ನಿರ್ಧರಿಸಲಾಗದೆಂದು ಜವಾಜಿ ನಾಗನಾಥಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. (ಭೂಸ್ವಾಧೀನದ ಪರಿಹಾರದಲ್ಲಿ ಮಾತ್ರ 2013ರ ಕಾಯ್ದೆ ಮುದ್ರಾಂಕದ ಬೆಲೆಯನ್ನೂ ಒಂದು ಅಳತೆಯಾಗಿ ಒಪ್ಪಿದೆ.)

ಮುಖ್ಯವಾದದ್ದು ಮೌಲ್ಯಮಾಪಕರ ವರದಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನ ಪ್ರಕಾರ ತಜ್ಞರ ಅಭಿಪ್ರಾಯ ಪ್ರಸ್ತುತವಾಗುತ್ತದಾದರೂ, ಎದುರು ಪಕ್ಷ ಒಪ್ಪದಿದ್ದರೆ ವರದಿ ಬರೆದವರೇ ಕಟಕಟೆಗೆ ಬಂದು ಪಾಟೀಸವಾಲನ್ನು ಎದುರಿಸಬೇಕು. ವರದಿಯಲ್ಲಿ ‘ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ) ನೀರಾವರಿ ಇದೆ’ ಎಂಬ ಒಂದು ಸಾಲಿದ್ದರೆ, ‘ಯಾವ ತಿಂಗಳಲ್ಲಿ ನೋಡಿದಿರಿ, ಏಪ್ರಿಲ್ ಕೊನೆಗೂ ನೀರಿರುತ್ತದೆಯೇ’ ಎಂಬ ಪ್ರಶ್ನೆಗೆ ಇಡೀ ವರದಿ ಅಲುಗಾಡೀತು. ಹಾಗಾಗಿ ಸ್ಥಳಕ್ಕೆ ಹೋದ ದಿನಾಂಕ, ಫಲ ಕೊಡುವ ಮರಗಳ ಸಂಖ್ಯೆ, ಅವುಗಳ ಪ್ರಾಯ, ನೀರಿನ ಮೂಲ, ಹೋಲಿಕೆಗೆ ತೆಗೆದುಕೊಂಡ ಕ್ರಯಪತ್ರಗಳು ಇವೆಲ್ಲವನ್ನೂ ವರದಿಯಲ್ಲೇ ಬರೆಸಿ. ಮೊಬೈಲಿನ ಚಿತ್ರಗಳನ್ನು ಮುದ್ರಿಸಿ ಕೊಡುವುದಾದರೆ ವಿದ್ಯುನ್ಮಾನ ದಾಖಲೆಗಳಿಗೆ ಬೇಕಾದ, ಅದೇ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಜತೆಗಿರಲಿ.

ಎರಡು ಪಕ್ಷಗಳ ವರದಿಗಳಿಗೂ ಅಜಗಜಾಂತರವಿದ್ದರೆ ಸ್ಥಳ ನೋಡಿ ವರದಿ ಕೊಡಲು ಕೋರ್ಟೇ ಕಳುಹಿಸುವ ಕಮಿಷನರ್ ನೇಮಕಕ್ಕೆ ಅರ್ಜಿ ಹಾಕುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 10ನೇ ನಿಯಮದಂತೆ ಅವರ ವರದಿ ತಾನಾಗಿಯೇ ದಾವೆಯ ಸಾಕ್ಷ್ಯವಾಗುತ್ತದೆ. ಒಪ್ಪಿಗೆಯಾಗದ ಅಂಶಗಳಿಗೆ ಲಿಖಿತ ಆಕ್ಷೇಪ ಸಲ್ಲಿಸಿ, ಕೋರ್ಟಿನ ಅನುಮತಿ ಪಡೆದು ಕಮಿಷನರನ್ನೇ ವಿಚಾರಿಸಬಹುದು.

ಎದುರಿನವರ ದಾಖಲೆಯನ್ನು ರುಜುವಾತುಪಡಿಸುವ ಕ್ರಮ ಸರಿಯಿಲ್ಲವೆನಿಸಿದರೆ, ಕೋರ್ಟ್ ಅದಕ್ಕೆ ನಿಶಾನೆ ಸಂಖ್ಯೆ ಕೊಟ್ಟು ಸಾಕ್ಷ್ಯವಾಗಿ ಗುರುತು ಮಾಡುವ ಹೊತ್ತಿನಲ್ಲೇ ಆಕ್ಷೇಪಿಸಬೇಕು. ಸುಮ್ಮನಿದ್ದು ವಾದದ ಹಂತದಲ್ಲಿ ಎತ್ತಿದರೆ ತಡವಾಯಿತೆಂದೇ ಲೆಕ್ಕ.

ಕೊನೆಯದು ಹಳೆಯ ಕನ್ನಡ ಪತ್ರಗಳ ವಿಚಾರ. 1956ಕ್ಕೆ ಮುಂಚೆ, ಕಾಸರಗೋಡಿನ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ ಬರೆದ ಪಾಲುಪಟ್ಟಿಯಲ್ಲಿನ ಬೆಲೆ ಇಂದು ಉಪಯೋಗಕ್ಕೆ ಬಾರದಿದ್ದರೂ, ಸುರಂಗದ ನೀರಿನ ಹಕ್ಕು ಯಾರದೆಂದು ಅದರಲ್ಲಿ ಬರೆದಿದ್ದರೆ ಇಂದಿನ ಬೆಲೆ ಅದರಿಂದಲೇ ಬದಲಾಗಬಹುದು. ಮೂವತ್ತು ವರ್ಷ ದಾಟಿದ ಮೂಲಪತ್ರ ಸರಿಯಾದ ಸ್ವಾಧೀನದಿಂದ ಬಂದರೆ, ಅದರ ಸಹಿ ಮತ್ತು ಬರವಣಿಗೆಯನ್ನು ಕೋರ್ಟ್ ನಿಜವೆಂದು ಭಾವಿಸಬಹುದು. ಆದ್ದರಿಂದ ಮೂಲವನ್ನು ಭಾಷಾಂತರದೊಂದಿಗೆ ಹಾಜರುಪಡಿಸಿ, ಅದು ಇಷ್ಟು ಕಾಲ ಯಾರ ಪೆಟ್ಟಿಗೆಯಲ್ಲಿತ್ತೆಂದು ಹೇಳಬಲ್ಲ ಮನೆಯ ಹಿರಿಯರನ್ನು ಸಾಕ್ಷಿಗಳ ಪಟ್ಟಿಯಲ್ಲಿ ಸೇರಿಸಿ.